ಎಂಜಿನಿಯರಿಂಗ್ ಸೀಟು: ನಮ್ಮ ಮಕ್ಕಳ ಅವಕಾಶವನ್ನು ಅಳೆಯುವುದು ಹೇಗೆ?

ನವೆಂಬರ್ ಬಂತೆಂದರೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಎರಡು ಸಡಗರ. ಒಂದು ರಾಜ್ಯೋತ್ಸವದ್ದು, ಇನ್ನೊಂದು ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಕ್ಕಳ ಕಾಲೇಜು ಅರ್ಜಿಗಳದ್ದು. ಮೊದಲನೆಯದು ಹೋಳಿಗೆ ಊಟದೊಂದಿಗೆ ಮುಗಿಯುತ್ತದೆ. ಎರಡನೆಯದು ಮಾರ್ಚ್ ಕೊನೆಯವರೆಗೂ ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಮಗುವಿಗೆ ಬೇಕಾಗಿರುವುದು ಎಂಜಿನಿಯರಿಂಗ್ ಆದರಂತೂ ಕೇಳುವುದೇ ಬೇಡ. "ಜಿಪಿಎ ಇಷ್ಟಿದೆ, ಎಸ್‌ಎಟಿ ಇಷ್ಟು ಬಂದಿದೆ, ಸಿಗತ್ತಾ?" ಇದೊಂದೇ ಪ್ರಶ್ನೆ.

ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವುದು ನಮಗೆ ಯಾಕೆ ಇಷ್ಟು ಕಷ್ಟವಾಗುತ್ತದೆ? ನಮ್ಮಲ್ಲಿ ಅನೇಕ ತಂದೆ-ತಾಯಂದಿರು ಸಿಇಟಿ ಬರೆದು ಬಂದವರು. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಸೆಲ್ ಶುರುವಾದ ಮೇಲೆ ಲೆಕ್ಕ ಸರಳವಾಯಿತು. ರ‍್ಯಾಂಕ್ ಕೈಗೆ ಬಂದ ದಿನವೇ ಹಿಂದಿನ ವರ್ಷದ ಪಟ್ಟಿ ಹಿಡಿದು ಕೂರುತ್ತಿದ್ದೆವು. ಆರ್.ವಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಎಷ್ಟಕ್ಕೆ ಮುಗಿಯಿತು, ಬಿಎಂಎಸ್‌ನಲ್ಲಿ ಮೆಕ್ಯಾನಿಕಲ್ ಎಷ್ಟಕ್ಕೆ ಮುಗಿಯಿತು ಎಂದು ನೋಡಿದರೆ ಭವಿಷ್ಯ ಅರ್ಧ ಗೊತ್ತಾದಂತೆ. ಅಮೆರಿಕದಲ್ಲಿ ಅಂಥ ರ‍್ಯಾಂಕ್ ಇಲ್ಲ.

ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ಆ ಪಟ್ಟಿಯಲ್ಲಿ ನಾವು ಕಾಲೇಜಿನ ಹೆಸರನ್ನಷ್ಟೇ ನೋಡುತ್ತಿರಲಿಲ್ಲ. ಕಾಲೇಜು, ಬ್ರಾಂಚು, ಕೆಟಗರಿ ಮೂರನ್ನೂ ಕೂಡಿಸಿ ನೋಡುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಮಾತ್ರ ಆ ಬುದ್ಧಿಯನ್ನು ಮರೆತು, ವಿಶ್ವವಿದ್ಯಾಲಯದ ಹೆಸರಿನ ಮುಂದೆ ಬರೆದಿರುವ ಒಂದೇ ಒಂದು ಶೇಕಡಾವಾರು ಅಂಕಿಯನ್ನು ನೋಡಿ ಸಂತೋಷಪಡುತ್ತೇವೆ, ಇಲ್ಲವೇ ಕಂಗಾಲಾಗುತ್ತೇವೆ. ನಮ್ಮ ಹಳೆಯ ಸಿಇಟಿ ಬುದ್ಧಿ ಇಲ್ಲಿಯೂ ಬೇಕು.

ಬ್ರಾಂಚು ಯಾವುದು?

ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸನ್ನೇ ತೆಗೆದುಕೊಳ್ಳಿ. 2023ರಲ್ಲಿ ಅಲ್ಲಿ ಅರ್ಜಿ ಹಾಕಿದವರಲ್ಲಿ ಒಟ್ಟಾರೆ ಶೇ. 40ಕ್ಕೂ ಹೆಚ್ಚು ಮಂದಿಗೆ ಪ್ರವೇಶ ಸಿಕ್ಕಿತ್ತು. ಆದರೆ ಅದೇ ವರ್ಷ, ಅದೇ ಕ್ಯಾಂಪಸ್ಸಿನಲ್ಲಿ, ಕಂಪ್ಯೂಟರ್ ಸೈನ್ಸ್ ಕೇಳಿದವರಲ್ಲಿ ಸೀಟು ಸಿಕ್ಕಿದ್ದು ಶೇ. 10ಕ್ಕಿಂತ ಕಡಿಮೆ ಮಂದಿಗೆ. "ಇಲಿನಾಯ್ ತಾನೇ, ಸಿಕ್ಕೇ ಸಿಗತ್ತೆ" ಎಂದು ಪಟ್ಟಿಯ ಕೊನೆಗೆ ಸೇರಿಸಿಕೊಂಡ ಮನೆಗಳಲ್ಲಿ ಆಘಾತವಾಗುವುದು ಇದರಿಂದಲೇ.

ಬರ್ಕ್ಲಿಯ ಎಂಜಿನಿಯರಿಂಗ್ ಕಾಲೇಜು ಸಹ ಅರ್ಜಿಯಲ್ಲಿ ಬರೆದ ಮೇಜರ್ ನೋಡಿಯೇ ಆಯ್ಕೆ ಮಾಡುತ್ತದೆ. ಟೆಕ್ಸಾಸ್‌ನ ಕತೆ ಇನ್ನೂ ಸ್ವಾರಸ್ಯ. ಅಲ್ಲಿ 1997ರ ಕಾನೂನಿನಂತೆ ಶಾಲೆಯಲ್ಲಿ ಮೇಲಿನ ಸ್ಥಾನ ಪಡೆದ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಸಿಗುತ್ತದೆ. ಆಸ್ಟಿನ್ ಕ್ಯಾಂಪಸ್ಸಿಗೆ ಮಾತ್ರ ಆ ಮಿತಿ ಇಳಿಯುತ್ತಾ ಬಂದಿದ್ದು, 2026ರಲ್ಲಿ ಸೇರುವವರಿಗೆ ತರಗತಿಯ ಮೊದಲ ಶೇ. 5ಕ್ಕೆ ನಿಂತಿದೆ. ಆದರೆ ಈ ಭರವಸೆ ಇರುವುದು ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್‌ಗೆ ಅಲ್ಲ. ಶಾಲೆಗೇ ಮೊದಲಿಗಳಾದ ಹುಡುಗಿಗೆ ಆಸ್ಟಿನ್ ಸಿಕ್ಕಿ, ಬಯಸಿದ ಬ್ರಾಂಚು ಸಿಗದೇ ಹೋಗಬಹುದು.

"ಹೇಗಾದರೂ ಒಳಗೆ ಹೋಗಲಿ, ಆಮೇಲೆ ಬ್ರಾಂಚು ಬದಲಾಯಿಸಿದರಾಯಿತು" ಎನ್ನುವ ಹಳೆಯ ಉಪಾಯ ಈಗ ಹೆಚ್ಚು ಕಡೆ ನಡೆಯುವುದಿಲ್ಲ. ಬೇಡಿಕೆಯ ಬ್ರಾಂಚುಗಳು ಒಳಗಿನಿಂದಲೂ ಬಾಗಿಲು ಬಿಗಿ ಮಾಡಿಕೊಂಡಿವೆ. ಪರ್ಡ್ಯೂ, ಟೆಕ್ಸಾಸ್ ಎ ಅಂಡ್ ಎಂ ಮುಂತಾದ ಕಡೆ ಇನ್ನೊಂದು ಪದ್ಧತಿ ಇದೆ. ಮೊದಲ ವರ್ಷ ಎಲ್ಲರಿಗೂ ಸಾಮಾನ್ಯ ಎಂಜಿನಿಯರಿಂಗ್, ಆಮೇಲೆ ಬ್ರಾಂಚಿನ ಹಂಚಿಕೆ. ಅಲ್ಲಿ ಕಾಲೇಜಿನ ಮೊದಲ ವರ್ಷದ ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್ ಅಂಕಗಳೇ ಎರಡನೆಯ ಸಿಇಟಿ ಇದ್ದಂತೆ. ಆದ್ದರಿಂದ "ಸಿಗತ್ತಾ?" ಎಂಬ ಪ್ರಶ್ನೆಯ ಜೊತೆಗೆ "ಸಿಕ್ಕ ಮೇಲೆ ಬೇಕಾದ ಬ್ರಾಂಚಿಗೆ ದಾರಿ ಹೇಗೆ?" ಎಂಬುದನ್ನೂ ಕೇಳಬೇಕು.

ಮನೆ ಯಾವ ರಾಜ್ಯದಲ್ಲಿ?

ಸಿಇಟಿಯ ಕೆಟಗರಿಯಷ್ಟೇ ತೂಕ ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಾಸದ ರಾಜ್ಯಕ್ಕೆ ಇದೆ. ಜಾರ್ಜಿಯಾ ಟೆಕ್‌ನಲ್ಲಿ 2024ರಲ್ಲಿ ರಾಜ್ಯದ ಅರ್ಜಿದಾರರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಪ್ರವೇಶ ಸಿಕ್ಕಿದರೆ, ಹೊರಗಿನವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸಿಕ್ಕಿತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಅಂತರ ಇನ್ನೂ ದೊಡ್ಡದು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಮಕ್ಕಳಿಗೆ ಸುಮಾರು ನಾಲ್ಕರಲ್ಲಿ ಒಂದು ಅವಕಾಶ, ಹೊರಗಿನವರಿಗೆ ಶೇ. 5ಕ್ಕಿಂತ ಕಡಿಮೆ. ಅಂದರೆ ಅಟ್ಲಾಂಟಾದ ಕನ್ನಡ ಹುಡುಗನಿಗೆ ಅನ್ವಯಿಸುವ ಲೆಕ್ಕ ನ್ಯೂಜೆರ್ಸಿಯ ಅವನ ಕಸಿನ್‌ಗೆ ಅನ್ವಯಿಸುವುದಿಲ್ಲ. ಇಬ್ಬರ ಅಂಕಗಳೂ ಒಂದೇ ಆಗಿದ್ದರೂ!

ನಮ್ಮದೇ ರಾಜ್ಯದ ವಿಶ್ವವಿದ್ಯಾಲಯವನ್ನು ಹಿತ್ತಲ ಗಿಡ ಎಂದು ಕಡೆಗಣಿಸುವ ಅಭ್ಯಾಸ ನಮ್ಮಲ್ಲಿ ಇದೆ. ಪ್ರವೇಶದ ಅವಕಾಶ ಮತ್ತು ಖರ್ಚು ಎರಡರ ದೃಷ್ಟಿಯಿಂದಲೂ ಬಹಳ ಮನೆಗಳಿಗೆ ಅದೇ ನಿಜವಾದ ಮದ್ದು.

ಎಸ್‌ಎಟಿ ಬೇಕೋ ಬೇಡವೋ?

ಕೋವಿಡ್ ಕಾಲದಲ್ಲಿ ಬಹುತೇಕ ಕಾಲೇಜುಗಳು ಪರೀಕ್ಷೆಯನ್ನು ಐಚ್ಛಿಕ ಮಾಡಿದ್ದವು. ಎಂಐಟಿ 2022ರ ಮಾರ್ಚ್‌ನಲ್ಲೇ ಮತ್ತೆ ಕಡ್ಡಾಯ ಮಾಡಿತು. ಗಣಿತದಲ್ಲಿ ಮಗು ಎಷ್ಟು ಸಿದ್ಧವಾಗಿದೆ ಎಂದು ತಿಳಿಯಲು ಅಂಕ ಸಹಾಯ ಮಾಡುತ್ತದೆ ಎಂಬುದು ಅದರ ವಾದ. ಪರ್ಡ್ಯೂ ಸಹ ಅದೇ ದಾರಿ ಹಿಡಿಯಿತು. 2024ರಲ್ಲಿ ಕ್ಯಾಲ್‌ಟೆಕ್, ಹಾರ್ವರ್ಡ್, ಆಸ್ಟಿನ್ ಮುಂತಾದವು ಹಿಂಬಾಲಿಸಿದವು. ಇದಕ್ಕೆ ವಿರುದ್ಧವಾಗಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು 2021ರ ನ್ಯಾಯಾಲಯದ ಒಪ್ಪಂದದ ನಂತರ ಪ್ರವೇಶಕ್ಕೆ ಈ ಅಂಕಗಳನ್ನು ನೋಡುವುದನ್ನೇ ಬಿಟ್ಟವು. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅಣ್ಣನ ಕಾಲದ ಅನುಭವವನ್ನು ತಂಗಿಯ ಅರ್ಜಿಗೆ ಹಚ್ಚಬಾರದು.

ಐಚ್ಛಿಕ ಎಂದಿರುವ ಕಡೆ ಇನ್ನೊಂದು ಗುಟ್ಟಿದೆ. ಅಲ್ಲಿ ಪ್ರಕಟವಾಗುವ ಸರಾಸರಿ ಅಂಕ ಕಳಿಸಿದವರದ್ದು ಮಾತ್ರ. ಕಡಿಮೆ ಬಂದವರು ಕಳಿಸಿಯೇ ಇರುವುದಿಲ್ಲ. ಹೀಗಾಗಿ ಅಂಕಿ ಉಬ್ಬಿ ಕಾಣುತ್ತದೆ.

ಜಿಪಿಎ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಶಾಲೆ ಕೊಟ್ಟ 4.6 ಎಲ್ಲ ಕಡೆಯೂ 4.6 ಆಗಿ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 10 ಮತ್ತು 11ನೇ ತರಗತಿಗಳ ಅಂಕಗಳನ್ನು ತನ್ನದೇ ಸೂತ್ರದಲ್ಲಿ ಮತ್ತೆ ಲೆಕ್ಕ ಹಾಕುತ್ತದೆ. ಅದರಲ್ಲಿ ಹೆಚ್ಚುವರಿ ಅಂಕಗಳಿಗೆ ಮಿತಿ ಇದೆ.

2023ರ ತೀರ್ಪಿನಿಂದ ನಮಗೆ ಲಾಭವಾಯಿತೇ?

2023ರ ಜೂನ್ 29ರಂದು ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ಪ್ರಕರಣಗಳಲ್ಲಿ ಜನಾಂಗವನ್ನು ಪ್ರವೇಶದ ಅಂಶವಾಗಿ ಪರಿಗಣಿಸುವುದನ್ನು ತಳ್ಳಿಹಾಕಿತು. ಇನ್ನು ಮುಂದೆ ನಮ್ಮ ಮಕ್ಕಳಿಗೆ ಸುಲಭ ಎಂದು ಹಲವರು ಅಂದುಕೊಂಡರು. ಮರುವರ್ಷದ ಅಂಕಿಗಳು ಅಷ್ಟು ಸರಳವಾಗಿರಲಿಲ್ಲ. ಎಂಐಟಿಯ ಹೊಸ ತರಗತಿಯಲ್ಲಿ ಏಷ್ಯನ್ ಅಮೆರಿಕನ್ನರ ಪಾಲು ಶೇ. 40ರಿಂದ 47ಕ್ಕೆ ಏರಿತು. ಯೇಲ್‌ನಲ್ಲಿ ಶೇ. 30ರಿಂದ 24ಕ್ಕೆ ಇಳಿಯಿತು. ಒಂದೇ ತೀರ್ಪು, ಎರಡು ದಿಕ್ಕು.

ಇನ್ನೂ ಮುಖ್ಯವಾಗಿ, ಎಂಜಿನಿಯರಿಂಗ್‌ಗೆ ಹೆಸರಾದ ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈ ತೀರ್ಪಿನಿಂದ ಬದಲಾಗಿದ್ದು ಏನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ, ವಾಷಿಂಗ್ಟನ್‌ನಲ್ಲಿ 1998ರಲ್ಲಿ, ಮಿಷಿಗನ್‌ನಲ್ಲಿ 2006ರಲ್ಲಿ ಜನರ ಮತದಿಂದಲೇ ಅಲ್ಲಿ ಅಂಥ ನಿಷೇಧ ಬಂದಾಗಿತ್ತು. ಸೀಟು ಸಿಗದಿದ್ದಕ್ಕೆ ಇನ್ನೊಬ್ಬರ ಮಕ್ಕಳತ್ತ ಬೆರಳು ತೋರಿಸುವ ಮೊದಲು ಇದು ನೆನಪಿರಲಿ. ಅಲ್ಲಿ ಇಕ್ಕಟ್ಟು ಇರುವುದು ಅರ್ಜಿಗಳ ಸಂಖ್ಯೆಗೂ ಪ್ರಯೋಗಾಲಯ, ಅಧ್ಯಾಪಕರ ಸಂಖ್ಯೆಗೂ ಇರುವ ಅಂತರದಲ್ಲಿ.

ಇಪ್ಪತ್ತು ಅರ್ಜಿ ಹಾಕಿದರೆ ಒಂದಾದರೂ ಸಿಗದೇ?

ನಮ್ಮ ಎಂಜಿನಿಯರ್ ಅಪ್ಪಂದಿರು ಇಷ್ಟಪಡುವ ಲೆಕ್ಕ ಇದು. ತಲಾ ಶೇ. 5 ಅವಕಾಶವಿರುವ 20 ಕಾಲೇಜುಗಳಿಗೆ ಅರ್ಜಿ ಹಾಕಿದರೆ ಒಂದಾದರೂ ಸಿಗುವ ಸಂಭವ ಎಷ್ಟು? ಪುಸ್ತಕದ ಲೆಕ್ಕದಲ್ಲಿ ಸುಮಾರು ಶೇ. 64. ಆದರೆ ಆ ಲೆಕ್ಕ ಸರಿಯಾಗಲು ಒಂದು ಕಾಲೇಜಿನ ನಿರ್ಧಾರಕ್ಕೂ ಇನ್ನೊಂದರ ನಿರ್ಧಾರಕ್ಕೂ ಸಂಬಂಧ ಇರಬಾರದು. ಇಲ್ಲಿ ಎಲ್ಲ ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ಶಿಫಾರಸು ಪತ್ರ, ಹೆಚ್ಚುಕಡಿಮೆ ಅದೇ ಪ್ರಬಂಧ. ಒಂದು ಕಡೆ ಸಾಧಾರಣ ಎನಿಸಿದ ಅರ್ಜಿ ಇನ್ನೊಂದು ಕಡೆಯೂ ಹಾಗೆಯೇ ಕಾಣುವ ಸಂಭವ ಹೆಚ್ಚು. ಕನ್ನಡಿಯೊಳಗಿನ ಗಂಟುಗಳನ್ನು ಇಪ್ಪತ್ತು ಸೇರಿಸಿದರೂ ಕೈಗೆ ಒಂದು ಗಂಟು ಬರುವುದಿಲ್ಲ.

ಅದಕ್ಕಿಂತ ಪಟ್ಟಿಯ ತಳ ಗಟ್ಟಿ ಮಾಡುವುದು ಮೇಲು. ಬೇಕಾದ ಬ್ರಾಂಚಿಗೇ ಪ್ರವೇಶ ಖಚಿತ ಎನಿಸುವ, ಖರ್ಚು ಕೈಗೆಟುಕುವ, ಮಗು ಮನಸ್ಸಿನಿಂದ ಹೋಗಲು ಒಪ್ಪುವ ಎರಡು ಕಾಲೇಜುಗಳು ಮೊದಲು ಸಿಗಲಿ. ಆ ಕಾರ್ಯಕ್ರಮಕ್ಕೆ ಎಬಿಇಟಿ ಮಾನ್ಯತೆ ಇದೆಯೇ ನೋಡಿ. ಸಿವಿಲ್‌ನಂಥ ಬ್ರಾಂಚುಗಳಲ್ಲಿ ಮುಂದೆ ವೃತ್ತಿಪರ ಲೈಸೆನ್ಸ್ ಪಡೆಯಲು ಅದು ಮುಖ್ಯ. ಕಮ್ಯುನಿಟಿ ಕಾಲೇಜಿನ ಹೆಸರು ಹೇಳಿದರೆ ಮುಖ ಸಿಂಡರಿಸುವುದನ್ನೂ ಬಿಡೋಣ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಅಲ್ಲಿ ಓದಿ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಿಗೆ ಹೋಗುವ ಮಕ್ಕಳು ಪ್ರತಿವರ್ಷ ಇದ್ದಾರೆ. ಎಂಜಿನಿಯರಿಂಗ್‌ಗೆ ಮಾತ್ರ ಯಾವ ಕೋರ್ಸು ಬೇಕು ಎಂದು ಮೊದಲ ದಿನದಿಂದಲೇ ನೋಡಿಕೊಳ್ಳಬೇಕು.

ಎಲ್ಲರೂ ಕಂಪ್ಯೂಟರ್ ಸೈನ್ಸ್ ಬಾಗಿಲಲ್ಲೇ ನಿಲ್ಲಬೇಕೆಂದೂ ಇಲ್ಲ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿದ, 2023ರ ಮಾಹಿತಿ ಆಧರಿಸಿದ ಅಂಕಿಗಳಂತೆ ಹೊಸ ಪದವೀಧರರಲ್ಲಿ ನಿರುದ್ಯೋಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಶೇ. 6.1, ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಶೇ. 7.5 ಇತ್ತು. ಕೈಯಲ್ಲಿ ವಸ್ತು ಹಿಡಿದು ಬಿಚ್ಚಿ ಜೋಡಿಸುವ ಹುಡುಗನಿಗೆ ಮೆಕ್ಯಾನಿಕಲ್, ನೀರು-ಸೇತುವೆಗಳ ಮೇಲೆ ಆಸಕ್ತಿ ಇರುವ ಹುಡುಗಿಗೆ ಸಿವಿಲ್ ಎರಡನೇ ದರ್ಜೆಯ ಆಯ್ಕೆ ಅಲ್ಲ.

ಎಚ್-4 ಮಕ್ಕಳ ಲೆಕ್ಕ ಬೇರೆ

ನಮ್ಮ ಸಮುದಾಯದಲ್ಲಿ ಹೆಚ್ಚು ಮಾತಾಡದ, ಆದರೆ ಹೆಚ್ಚು ನೋವು ಕೊಡುವ ವಿಷಯ ಇದು. ಗ್ರೀನ್ ಕಾರ್ಡಿನ ಸರತಿಯಲ್ಲಿ ತಂದೆ-ತಾಯಿ ವರ್ಷಗಟ್ಟಲೆ ನಿಂತಿರುವಾಗ, ಇಲ್ಲಿಯೇ ಒಂದನೇ ತರಗತಿಯಿಂದ ಓದಿದ ಮಗು ಕಾಲೇಜಿನ ಅರ್ಜಿ ತುಂಬುವ ದಿನ ತಾನು ಎಚ್-4 ಎಂಬುದನ್ನು ಸರಿಯಾಗಿ ಅರಿಯುತ್ತದೆ. ಫೆಡರಲ್ ಆರ್ಥಿಕ ನೆರವು ಅದಕ್ಕೆ ಸಿಗುವುದಿಲ್ಲ. ಹಲವು ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಅದನ್ನು ವಿದೇಶಿ ವಿದ್ಯಾರ್ಥಿಯಂತೆಯೇ ಕಾಣುತ್ತವೆ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಅಂದರೆ ಪದವಿಯ ಮಧ್ಯದಲ್ಲೇ ಎಫ್-1 ಕಡೆ ತಿರುಗಬೇಕಾಗಬಹುದು.

ಒಳ್ಳೆಯ ಸುದ್ದಿಯೆಂದರೆ, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಎಚ್-4 ಮಕ್ಕಳು ಇನ್-ಸ್ಟೇಟ್ ಶುಲ್ಕಕ್ಕೆ ಅರ್ಹರಾಗಬಹುದು. ವೀಸಾ ಬದಲಾದಾಗ ಈ ಸೌಲಭ್ಯ ಉಳಿಯುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಈ ಎರಡು ಪ್ರಶ್ನೆಗಳನ್ನು ವಿಶ್ವವಿದ್ಯಾಲಯದ ರೆಸಿಡೆನ್ಸಿ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ. 11ನೇ ತರಗತಿಯಲ್ಲೇ ಈ ಮಾತು ಮನೆಯಲ್ಲಿ ಆಗಲಿ. ಮಗುವಿಗೆ ಬೇಸರವಾದೀತೆಂದು ಮುಚ್ಚಿಟ್ಟರೆ ಮಾರ್ಚ್ ತಿಂಗಳಲ್ಲಿ ಆಗುವ ಬೇಸರ ಅದಕ್ಕಿಂತ ದೊಡ್ಡದು.

ಅಂಕಿಗಳನ್ನು ಎಲ್ಲಿ ನೋಡುವುದು?

ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಪ್ರಕಟಿಸುತ್ತವೆ. ಅದರ ಸಿ ಭಾಗ ನಮಗೆ ಬೇಕಾದದ್ದು. ಸಿ1ರಲ್ಲಿ ಅರ್ಜಿ ಮತ್ತು ಪ್ರವೇಶದ ಸಂಖ್ಯೆ, ಸಿ7ರಲ್ಲಿ ಯಾವ ಅಂಶಕ್ಕೆ ಎಷ್ಟು ತೂಕ, ಸಿ9ರಲ್ಲಿ ಪರೀಕ್ಷೆಯ ಅಂಕಗಳು ಇರುತ್ತವೆ. ಬ್ರಾಂಚುವಾರು ಮಾಹಿತಿ ಅದರಲ್ಲಿ ಇರುವುದಿಲ್ಲ. ಅದಕ್ಕೆ ಆಯಾ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶ ಪುಟ ನೋಡಬೇಕು, ಇಲ್ಲದಿದ್ದರೆ ನೇರವಾಗಿ ಕೇಳಬೇಕು. ಖರ್ಚಿನ ಅಂದಾಜಿಗೆ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇದೆ. ಫೆಡರಲ್ ನೆರವು ಪಡೆಯುವ ಕಾಲೇಜುಗಳು 2011ರಿಂದ ಇದನ್ನು ಒದಗಿಸಲೇಬೇಕು. ಅರ್ಲಿ ಡಿಸಿಷನ್‌ನಲ್ಲಿ ಮಾತು ಕೊಟ್ಟು ಕಟ್ಟಿಕೊಳ್ಳುವ ಮೊದಲು ಅದನ್ನು ನೋಡದಿದ್ದರೆ ಹಾಸಿಗೆಯ ಅಳತೆ ನೋಡದೆ ಕಾಲು ಚಾಚಿದಂತೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಕೈಗೆ ಸಿಗುವುದು ಅಂದಾಜು ಮಾತ್ರ. ಆದರೆ ಈ ಅಂದಾಜಿನಲ್ಲಿ ಬ್ರಾಂಚು, ರಾಜ್ಯ, ವೀಸಾ, ಖರ್ಚು ಎಲ್ಲವೂ ಸೇರಿರುತ್ತವೆ. ಸೀಟು ತಪ್ಪಿದಾಗ ಅದು ಮಗುವಿನ ಸೋಲು ಎಂದು ಮನೆಯಲ್ಲಿ ಯಾರೂ ಭಾವಿಸದಿರಲು ಈ ತಿಳಿವಳಿಕೆ ಸಾಕು. ನೂರಕ್ಕೆ ತೊಂಬತ್ತು ಮಂದಿಗೆ ಬೇಡವೆನ್ನುವ ಬಾಗಿಲು ನಮ್ಮ ಮಗುವಿಗೂ ಬೇಡವೆಂದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಈ ವರ್ಷ ಅರ್ಜಿ ಹಾಕುತ್ತಿರುವ ಎಲ್ಲ ಕನ್ನಡದ ಮಕ್ಕಳಿಗೂ ಒಳ್ಳೆಯದಾಗಲಿ, ಅವರಿಗೆ ಒಪ್ಪುವ ಜಾಗದಲ್ಲಿ ಅವರು ಬೆಳೆಯಲಿ ಎಂದು ಹಾರೈಸೋಣ.