ಬೀಟ್‌ರೂಟಿನ ಉಪ್ಪಿನಕಾಯಿಯ ವಿಷಯವಾಗಿ ಕೆಲವು ಮಾತುಗಳು

ನಮ್ಮ ಲಗ್ಗೆರೆಯ ತಳ್ಳುಗಾಡಿಗಳಲ್ಲಿ ವರುಷವೆಲ್ಲಾ ದೊರೆಯುವ ತರಕಾರಿಗಳಲ್ಲಿ ಬೀಟ್‌ರೂಟು ಒಂದಾಗಿದೆ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಸೀಮೆಗಳಲ್ಲಿ ಬೆಳೆಯುವ ಈ ಗೆಡ್ಡೆಯನ್ನು ನಮ್ಮವರು ಪಲ್ಯಕ್ಕೂ ಸಾರಿಗೂ ಉಪಯೋಗಿಸುವರೇ ಹೊರತು ಉಪ್ಪಿನಕಾಯಿಗೆ ಯೋಗ್ಯವೆಂದು ಎಣಿಸುವದು ವಿರಳ. ವಿನೆಗರಿನಲ್ಲಿ ಹಾಕಿಟ್ಟ ಬೀಟ್‌ರೂಟೆಂದರೆ ಪರದೇಶದವರ ಮೇಜಿನ ಪದಾರ್ಥವೆಂದು ನಗುವವರೂ ಉಂಟು. ನನ್ನ ಅಭಿಪ್ರಾಯವು ಬೇರೆ. ಪೀಣ್ಯದ ಕಾರ್ಖಾನೆಗಳಿಂದ ಹೊತ್ತು ಮುಳುಗಿದ ಮೇಲೆ ಹಿಂದಿರುಗುವ ತಾಯಂದಿರಿರುವ ಮನೆಗಳಲ್ಲಿ, ಒಲೆ ಹಚ್ಚದೆಯೇ ತಟ್ಟೆಗೆ ಬರುವ ಇಂಥ ಒಂದು ತರಕಾರಿಯು ಸಿದ್ಧವಾಗಿರುವದು ಎಷ್ಟೋ ಅನುಕೂಲ. ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಭಾನುವಾರ ಮಧ್ಯಾಹ್ನದಲ್ಲಿ ಇದನ್ನು ಮಾಡಿ ಮುಗಿಸಬಲ್ಲಳು. ಆದರೆ ತಿಳಿದು ಮಾಡಬೇಕು.

ಯಾಕಂದರೆ ನಮ್ಮ ಅಜ್ಜಿಯರ ಉಪ್ಪಿನಕಾಯಿಯ ವಿದ್ಯೆಯು ಮಾವು, ನಿಂಬೆಗಳ ಮೇಲೆ ನಿಂತದ್ದು. ಅವು ಸ್ವಭಾವತಃ ಹುಳಿಯಾದವುಗಳು. ಉಪ್ಪು ಸೇರಿದರೆ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಬೀಟ್‌ರೂಟಾದರೋ ಸಿಹಿ ಗೆಡ್ಡೆ. ಜರ್ಮನಿಯ ಮಾರ್ಗ್ರಾಫ್ ಎಂಬ ರಸಾಯನ ಪಂಡಿತನು 1747ರಲ್ಲಿ ಈ ಜಾತಿಯ ಗೆಡ್ಡೆಯಿಂದಲೇ ಸಕ್ಕರೆಯನ್ನು ತೆಗೆದು ತೋರಿಸಿದನು. ಅದರಲ್ಲಿ ಹುಳಿಯಿಲ್ಲ, ಮಣ್ಣಿನೊಳಗೆ ಬೆಳೆದದ್ದರಿಂದ ಮಣ್ಣಿನ ಸೂಕ್ಷ್ಮಜೀವಿಗಳ ಬೀಜಾಣುಗಳು ಅದಕ್ಕೆ ಅಂಟಿಕೊಂಡಿರುವ ಸಂಭವವುಂಟು. ಅವುಗಳಲ್ಲಿ ಬೊಟುಲಿನಮ್ ಎಂಬದು ಗಾಳಿಯಿಲ್ಲದ ಸ್ಥಳದಲ್ಲಿಯೇ ವೃದ್ಧಿಯಾಗಿ ವಿಷವನ್ನುಂಟುಮಾಡುವಂಥದು. ಮಾವಿನಕಾಯಿಯ ಕ್ರಮದಲ್ಲಿಯೇ ಬೀಟ್‌ರೂಟಿನ ಹೋಳುಗಳನ್ನು ಖಾರದಲ್ಲಿ ಕಲಸಿ ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುವವರು ಇದನ್ನು ಆಲೋಚಿಸಬೇಕು. ಎಣ್ಣೆಯ ಅಡಿಯಲ್ಲಿ ಗಾಳಿಯಿಲ್ಲ. ಇಂಥ ವಿಷವು ವಿರಳವೇ ಸರಿ. ಆದರೂ ಅದು ಪ್ರಾಣಕ್ಕೆ ಅಪಾಯಕರ, ಮತ್ತು ಮೂಗಿಗಾಗಲಿ ನಾಲಿಗೆಗಾಗಲಿ ಯಾವಾಗಲೂ ಗೊತ್ತಾಗುವದಿಲ್ಲ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 4.6ಕ್ಕಿಂತ ಕೆಳಗೆ ಆ ಜೀವಿಯು ಬೆಳೆಯಲಾರದು. ವಿನೆಗರಿನ ಕೆಲಸವು ಇದೇ. ರಸಾಯನಶಾಸ್ತ್ರದ ತರಗತಿಯಲ್ಲಿ ಲಿಟ್ಮಸ್ ಕಾಗದವು ಕೆಂಪಾಗುವದನ್ನು ಬರೆದುಕೊಂಡ ಹುಡುಗಿಯು, ರುಚಿಗೆ ಹುಳಿ ಹೆಚ್ಚಾಯಿತೆಂದು ಅಡಿಗೆಮನೆಯಲ್ಲಿ ವಿನೆಗರಿಗೆ ನೀರು ಬೆರಸುವದಾದರೆ ನಮ್ಮ ಪಾಠವು ವ್ಯರ್ಥವಾದಂತೆ. ಹುಳಿ ಹೆಚ್ಚೆನಿಸಿದರೆ ಸಕ್ಕರೆಯನ್ನು ಸೇರಿಸಿರಿ, ನೀರನ್ನು ಸೇರಿಸಕೂಡದು. ಪರದೇಶದ ಪುಸ್ತಕಗಳಲ್ಲಿ ನೀರಿನ ಅಳತೆ ಇರುವದು ನಿಜ. ಅವರ ವಿನೆಗರಿನಲ್ಲಿ ಆಮ್ಲವು ನೂರಕ್ಕೆ 5 ಭಾಗವಿರುತ್ತದೆ. ನಮ್ಮ ಅಂಗಡಿಗಳದು ಸಾಮಾನ್ಯವಾಗಿ 4 ಭಾಗ ಮಾತ್ರ. ಶೀಸೆಯ ಮೇಲಿನ ಚೀಟಿಯನ್ನು ಓದಿ ಕೊಳ್ಳಿರಿ.

ಮಾಡುವ ಕ್ರಮವು ಕಷ್ಟವಾದುದಲ್ಲ. ಒಂದು ಕಿಲೋ ಎಳೆಯ ಗೆಡ್ಡೆಗಳನ್ನು ಚೆನ್ನಾಗಿ ತೊಳೆದು, ಸಿಪ್ಪೆ ಸುಲಿಯದೆ, ಬೇರನ್ನೂ ಒಂದು ಅಂಗುಲದಷ್ಟು ಕಾಂಡವನ್ನೂ ಉಳಿಸಿ ಇಡಿಯಾಗಿ ಬೇಯಿಸಬೇಕು. ಮೊದಲೇ ಕೊಯ್ದರೆ ಬಣ್ಣವೆಲ್ಲಾ ನೀರಿಗೆ ಹೋಗುವದು. ಬೆಂದ ಮೇಲೆ ಸಿಪ್ಪೆಯು ಬೆರಳಿಗೇ ಜಾರಿ ಬರುತ್ತದೆ. ಬಿಲ್ಲೆಗಳಾಗಿ ಹೆಚ್ಚಿಕೊಳ್ಳಿರಿ. ಅರ್ಧ ಲೀಟರು ವಿನೆಗರಿಗೆ ಸುಮಾರು 125 ಗ್ರಾಂ ಸಕ್ಕರೆ, ಒಂದು ಚಮಚ ಉಪ್ಪು, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ, ಕೆಲವು ಮೆಣಸಿನ ಕಾಳುಗಳನ್ನು ಹಾಕಿ ಸ್ಟೀಲು ಪಾತ್ರೆಯಲ್ಲಿ ಕುದಿಸಿರಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಆಮ್ಲವು ತಿನ್ನುವದರಿಂದ ಅವು ಬೇಡ. ಕುದಿನೀರಿನಲ್ಲಿ ಶುದ್ಧಿ ಮಾಡಿದ ಗಾಜಿನ ಜಾಡಿಯಲ್ಲಿ ಹೋಳುಗಳನ್ನಿಟ್ಟು ಬಿಸಿಯಾಗಿಯೇ ಸುರಿಯತಕ್ಕದ್ದು. ಹೋಳುಗಳು ಮುಳುಗದಿದ್ದರೆ ಇನ್ನಷ್ಟು ವಿನೆಗರನ್ನು ಕುದಿಸಿ ಹಾಕಿರಿ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಒಂದು ವಾರ ಕಳೆದು ತೆಗೆದರೆ ರುಚಿ ಹಿಡಿದಿರುತ್ತದೆ. ತಿಂಗಳೊಳಗಾಗಿ ತಿಂದು ಮುಗಿಸಿರಿ.

ಇನ್ನೊಂದು ಮಾತನ್ನು ತಾಯಂದಿರಿಗೆ ಹೇಳಬೇಕಾಗಿದೆ. ಬೀಟ್‌ರೂಟು ಕೆಂಪಾಗಿದೆಯಾದ್ದರಿಂದ ರಕ್ತವನ್ನುಂಟುಮಾಡುತ್ತದೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಆ ಕೆಂಪು ಬೆಟನಿನ್ ಎಂಬ ವರ್ಣದ್ರವ್ಯವೇ ಹೊರತು ಕಬ್ಬಿಣವಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣವು ಒಂದು ಮಿಲಿಗ್ರಾಮಿಗೂ ಕಡಿಮೆ. ಅಷ್ಟೇ ತೂಕದ ರಾಗಿ ಹಿಟ್ಟಿನಲ್ಲಿ ನಾಲ್ಕಕ್ಕೂ ಹೆಚ್ಚು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗದವರಿಗೆ ರಕ್ತಹೀನತೆ ಇದೆ. ಹೀಗಿರುವಾಗ ಬಿಳಿಚಿಕೊಂಡ ಮಗಳಿಗೆ ಒಂದು ಲೋಟ ಬೀಟ್‌ರೂಟ್ ರಸವನ್ನು ಕುಡಿಸಿ, ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಬೇಡವೆನ್ನುವದು ಪ್ರೀತಿಯಿಂದ ಮಾಡುವ ಕೇಡು. ಆಕೆಯನ್ನು ಡಾಕ್ಟರಿಗೆ ತೋರಿಸಿರಿ. ಮಾತ್ರೆಯನ್ನು ಕೊಡಿಸಿರಿ, ಮುದ್ದೆ, ಸೊಪ್ಪು, ಕಾಳುಗಳನ್ನು ಬಡಿಸಿ ಮೇಲೆ ನಿಂಬೆಹಣ್ಣು ಹಿಂಡಿರಿ. ನಾವು ಕಸಕ್ಕೆ ಎಸೆಯುವ ಬೀಟ್‌ರೂಟಿನ ಸೊಪ್ಪಿನಲ್ಲಿಯೇ ಗೆಡ್ಡೆಗಿಂತ ಹೆಚ್ಚು ಕಬ್ಬಿಣವಿದೆ ಎಂಬದನ್ನೂ ನೆನಪಿನಲ್ಲಿಡಿರಿ. ಅದನ್ನು ತಳ್ಳುಗಾಡಿಯವನು ಕಿತ್ತುಹಾಕುವ ಮೊದಲೇ ಕೇಳಿ ತನ್ನಿರಿ.

ಉಪ್ಪಿನಕಾಯಿಯನ್ನಾದರೋ ಸಂತೋಷಕ್ಕಾಗಿ ತಿನ್ನಿರಿ. ಮೊಸರನ್ನದ ಪಕ್ಕದಲ್ಲಿಟ್ಟರೆ ಅನ್ನದ ಅಂಚು ಗುಲಾಬಿ ಬಣ್ಣಕ್ಕೆ ತಿರುಗುವದನ್ನು ನೋಡಿ ಮೆಚ್ಚದ ಮಗುವಿಲ್ಲ. ರಾಗಿ ರೊಟ್ಟಿಗೂ, ಬೇಯಿಸಿದ ಮೊಟ್ಟೆಗೂ ಇದು ಸೊಗಸಾಗಿ ಒಪ್ಪುತ್ತದೆ. ಮರುದಿನ ಮೂತ್ರವು ತುಸು ಕೆಂಪಾದರೆ ಹೆದರಬೇಡಿರಿ, ಕೆಲವರಿಗೆ ಹಾಗಾಗುವದುಂಟು. ಹೋಳುಗಳು ಮುಗಿದ ಮೇಲೆ ಉಳಿದ ಕೆಂಪು ವಿನೆಗರನ್ನು ಚೆಲ್ಲದೆ, ಅದರಲ್ಲಿ ಹೆಚ್ಚಿದ ಈರುಳ್ಳಿಯನ್ನು ಹಾಕಿ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟು ನೋಡಿರಿ. ನಮ್ಮ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಬೀಟ್‌ರೂಟಿಗಿಂತ ಮೊದಲು ಖಾಲಿಯಾಗುವದು ಆ ಈರುಳ್ಳಿಯೇ.