ನನ್ನ ಮಗಳು ಎಂಐಟಿಗೆ ಹೋಗಬೇಕಾಗಿಲ್ಲ

ಮಾಟುಂಗದಲ್ಲಿ ಭಾನುವಾರ ಬೆಳಿಗ್ಗೆ ಇಡ್ಲಿಗೆ ಕ್ಯೂ ನಿಂತರೆ ಕನ್ನಡದವರು ಸಿಕ್ಕೇ ಸಿಗುತ್ತಾರೆ. "ನಿಮ್ಮದು ಕುಂದಾಪುರ ಬದಿಯಾ?" ಎಂದು ಶುರುವಾದ ಮಾತು ಐದು ನಿಮಿಷದಲ್ಲಿ ಮಗಳ ಹತ್ತಿರ ಬರುತ್ತದೆ. "ಎಷ್ಟನೇ ಕ್ಲಾಸು ಪುಟ್ಟಿ? ಯಾವ ಶಾಲೆ?" ಅವಳಿಗೆ ಹನ್ನೊಂದು ವರ್ಷ. "ನಾನು ಶಾಲೆಗೆ ಹೋಗಲ್ಲ, ಮನೇಲೇ ಕಲೀತೀನಿ" ಅಂತಾಳೆ. ಪ್ರಶ್ನೆ ಕೇಳಿದವರು ಅವಳನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ಆಮೇಲೆ ಬರುವುದು ಎರಡೇ ಥರದ ಮಾತು. ಒಂದು, "ಮುಂದೆ ಏನು ಮಾಡ್ತೀರಿ ಮಾರಾಯ್ರೆ? ಸರ್ಟಿಫಿಕೇಟು?" ಇನ್ನೊಂದು, "ಓ, ಆ ದಾದರ್ ಹುಡುಗಿ ಎಂಐಟಿಗೆ ಹೋದಳಲ್ಲ, ಹಾಗೆ!" ಮೊದಲನೆಯದು ನನಗೆ ಬೇಸರ ತರುವುದಿಲ್ಲ. ನಾನು ಜಗಳ ತೆಗೆಯಬೇಕೆಂದಿರುವುದು ಎರಡನೆಯದರ ಮೇಲೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಾಳವಿಕಾ ಜೋಶಿ ನಮ್ಮ ಪಕ್ಕದ ದಾದರಿನ ಶಾಲೆಯೊಂದರಲ್ಲಿ ಓದುತ್ತಿದ್ದವಳು. ಏಳನೇ ತರಗತಿಯಲ್ಲಿದ್ದಾಗ ಅವಳ ತಾಯಿ ಶಾಲೆ ಬಿಡಿಸಿ, ತಾವೂ ಕೆಲಸ ಬಿಟ್ಟು, ಮನೆಯಲ್ಲೇ ಕಲಿಸಲು ಕುಳಿತರು. ಹುಡುಗಿಗೆ ಪ್ರೋಗ್ರಾಮಿಂಗ್ ಹಿಡಿಸಿತು. ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನಲ್ಲಿ ಎರಡು ಬೆಳ್ಳಿ, ಒಂದು ಕಂಚು ಬಂತು. ಹನ್ನೆರಡನೇ ತರಗತಿ ಪಾಸಾಗಿಲ್ಲದ ಕಾರಣ ಐಐಟಿಗೆ ಅವಕಾಶವಿರಲಿಲ್ಲ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಅವಳನ್ನು ಸೇರಿಸಿಕೊಂಡಿತು. 2016ರಲ್ಲಿ, ಹದಿನೇಳನೇ ವಯಸ್ಸಿಗೆ, ಅಮೆರಿಕದ ಎಂಐಟಿಯಲ್ಲಿ ಸೀಟು ಸಿಕ್ಕಿತು.

ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಆ ಹುಡುಗಿಯ ಕತೆಯನ್ನು ನಾವು ಮನೆಶಾಲೆಯವರು ಹತ್ತು ವರ್ಷದಿಂದ ಛತ್ರಿಯ ಹಾಗೆ ಹಿಡಿದುಕೊಂಡು ಓಡಾಡುತ್ತಿದ್ದೇವೆ. ಯಾರಾದರೂ ಬೈದರೆ ಅದನ್ನು ಬಿಚ್ಚುತ್ತೇವೆ. "ಶಾಲೆಗೆ ಹೋಗದೆಯೂ ಎಂಐಟಿಗೆ ಹೋಗಬಹುದು" ಎಂದು ವಾದಿಸುವಾಗ ನಾವು ಒಪ್ಪಿಕೊಂಡದ್ದೇನು? ಮಗುವಿನ ಕಲಿಕೆಗೆ ಬೆಲೆ ಬರುವುದು ಕೊನೆಗೆ ಸಿಗುವ ಸೀಟಿನಿಂದ ಎಂದು. ಕೋಚಿಂಗ್ ಕ್ಲಾಸಿನ ಗೋಡೆಯ ಮೇಲೆ ಟಾಪರ್ ಫೋಟೋ ಅಂಟಿಸುವವರೂ ಇದನ್ನೇ ಹೇಳುವುದು. ಹಾಗಾದರೆ ಶಾಲೆಯಿಂದ ಹೊರಗೆ ಬಂದದ್ದು ಯಾಕೆ?

ನನ್ನ ಮಗಳು ಏನು ಮಾಡುತ್ತಾಳೆ ಎಂದು ಹೇಳುತ್ತೇನೆ, ನೀವೇ ತೂಗಿ ನೋಡಿ. ಕಾಫಿಪುಡಿ ತರುವುದು ಅವಳ ಕೆಲಸ. 80-20 ಪುಡಿ ಎಂದರೆ ಅರ್ಧ ಕಿಲೋದಲ್ಲಿ ನೂರು ಗ್ರಾಂ ಚಿಕೋರಿ ಎಂದು ಲೆಕ್ಕ ಹಾಕಿ, "ಚಿಕೋರಿಗೂ ಕಾಫಿ ರೇಟೇ ಹಾಕ್ತೀರಾ ಅಂಕಲ್?" ಎಂದು ಅಂಗಡಿಯಲ್ಲೇ ಕೇಳಿದಳು. ಅವರು ನಕ್ಕು, 70-30ರ ರೇಟು ಯಾಕೆ ಕಡಿಮೆ ಎಂದು ಬರೆದು ತೋರಿಸಿದರು. ಮಾಟುಂಗಕ್ಕೆ ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಮೂರೂ ಲೈನಿನ ಸ್ಟೇಷನ್ನುಗಳಿವೆಯಲ್ಲ, ಅವುಗಳ ನಡುವೆ ನಡೆದು ಹೆಜ್ಜೆ ಎಣಿಸಿ ಒಂದು ನಕ್ಷೆ ಬರೆದಿದ್ದಾಳೆ. ಕನ್ನಡ ಓದಲು ಕಲಿತದ್ದು ಅಜ್ಜಿಯ ವಾಟ್ಸಾಪ್ ಮೆಸೇಜುಗಳಿಂದ. ಹಾಗಾಗಿ ಒತ್ತಕ್ಷರ ಈಗಲೂ ತಪ್ಪುತ್ತದೆ.

ಕಳೆದ ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಬಳಿ ಎಂದಿನಂತೆ ನೀರು ನಿಂತಿತು. ಅವಳು ಪಾಲಿಕೆ ಪ್ರಕಟಿಸುವ ಭರತದ ವೇಳೆ ನೋಡಿ ಬರೆದುಕೊಳ್ಳತೊಡಗಿದಳು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆ ಅಳೆದಳು. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ ಎಂದು ಅವಳಿಗೇ ಕಂಡಿತು. ಅಲ್ಲಿಂದ ಮಾತು ಚಂದ್ರನಿಗೆ ಹೋಯಿತು. ಭರತ ಇದ್ದಾಗ ಮಾತ್ರ ರಸ್ತೆ ಮುಳುಗುತ್ತದೆ ಎಂಬುದು ಅವಳ ಸಿದ್ಧಾಂತ. ಒಂದು ಮಧ್ಯಾಹ್ನ ಇಳಿತದ ಹೊತ್ತಿನಲ್ಲೇ ಮೊಣಕಾಲುದ್ದ ನೀರು ಬಂತು. ಸಿದ್ಧಾಂತ ಬಿತ್ತು. ಪಂಪು ನೋಡಿಕೊಳ್ಳುವ ನೌಕರರನ್ನು ಹೋಗಿ ಕೇಳಿದೆವು. "ಗಟಾರದ ಹೊಟ್ಟೆ ಎಷ್ಟು ಹಿಡಿದೀತು?" ಎಂದರು ಅವರು. ಮುಂಬಯಿಯ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ಕಟ್ಟಿದ್ದು ಎಂದು ಮನೆಗೆ ಬಂದು ಓದಿದೆವು. ಅವತ್ತು ಅವಳ ಬಾಟಲಿ ಅದಕ್ಕಿಂತ ಬಹಳ ಹೆಚ್ಚು ತೋರಿಸಿತ್ತು.

ಇದಕ್ಕೆ ಯಾವ ಪದಕವೂ ಇಲ್ಲ. ಇದು ಕಲಿಕೆ ಅಲ್ಲವೇ?

ನಾನೇನು ಸಾಚಾ ಅಲ್ಲ. ಮೊದಲ ವರ್ಷ ಆಫೀಸಿನ ಬುದ್ಧಿಯನ್ನೇ ಮನೆಗೆ ತಂದೆ. ಎಕ್ಸೆಲ್ ಶೀಟ್, ಎರಡು ವಾರದ ಸ್ಪ್ರಿಂಟ್, ಭಾನುವಾರ ರಾತ್ರಿ ರಿವ್ಯೂ. ಹಿಂದೆ ಬಿದ್ದ ಸಾಲುಗಳಿಗೆ ಕೆಂಪು ಬಣ್ಣ. ಭಿನ್ನರಾಶಿಯ ಸಾಲು ಆರು ವಾರ ಕೆಂಪಾಗಿಯೇ ಇತ್ತು. ಭಾನುವಾರ ಸಂಜೆಯಾದರೆ ಮಗಳಿಗೆ ಹೊಟ್ಟೆನೋವು. ಶಾಲೆಗೆ ಹೋಗುವ ಮಕ್ಕಳಿಗೆ ಬರುವ ಅದೇ ಸೋಮವಾರದ ಹೊಟ್ಟೆನೋವು ನಮ್ಮ ಮನೆಯಲ್ಲಿ ಒಂದು ದಿನ ಮೊದಲೇ ಬಂದಿತ್ತು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಎಲ್ಲರ ಹತ್ತಿರ "ನಾವು ಮನೆಯಲ್ಲೇ ಕಲಿಸುತ್ತೇವೆ" ಎನ್ನುತ್ತಿದ್ದೆ. ಕಲಿಸುತ್ತಿದ್ದವಳು ಹೆಂಡತಿ. ಕೆಲಸ ಬಿಟ್ಟವಳೂ ಅವಳೇ. "ನಿಮ್ಮ 'ನಾವು' ಅಂದ್ರೆ ನಾನು" ಎಂದು ಒಂದು ದಿನ ನೇರವಾಗಿ ಹೇಳಿದಳು. ಅಂದಿನಿಂದ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ಮತ್ತು ಇಡೀ ಶನಿವಾರ ನನ್ನ ಪಾಲು. ಅವಳು ಅರ್ಧ ದಿನದ ಕೆಲಸಕ್ಕೆ ಮರಳಿದ್ದಾಳೆ. ಎಂಐಟಿಯ ಕತೆಯಲ್ಲೂ ಕೆಲಸ ಬಿಟ್ಟದ್ದು ತಾಯಿಯೇ ಎಂಬುದನ್ನು ನಾವು ಎಷ್ಟು ಸಲೀಸಾಗಿ ಓದಿ ಮುಂದೆ ಹೋಗುತ್ತೇವೆ ನೋಡಿ. ಗಂಡ ಆಫೀಸಿನಲ್ಲೇ ಉಳಿದು, ಹೆಂಡತಿ ಪುಕ್ಕಟೆ ಟೀಚರ್ ಆಗುವುದಕ್ಕೆ ಸ್ವಾತಂತ್ರ್ಯ ಎಂಬ ಹೆಸರು ಸಲ್ಲದು.

ಈಗ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಯಾರೂ ಕೇಳದಿದ್ದರೂ. "ನಿಮಗೆ ಸಂಬಳ ಇದೆ, ಮನೆಯಲ್ಲಿ ಪುಸ್ತಕ ಇದೆ. ಇಲ್ಲದವರಿಗೆ?" ನನ್ನ ದೊಡ್ಡಜ್ಜ ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು ಫೋರ್ಟಿನ ಹೋಟೆಲೊಂದರಲ್ಲಿ ತಟ್ಟೆ ತೊಳೆದವರು. ಹಗಲೆಲ್ಲ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಮುಂಬಯಿಯ ಕನ್ನಡಿಗರು ಕಟ್ಟಿದ ಆ ರಾತ್ರಿಶಾಲೆಗಳು ಇಲ್ಲದಿದ್ದರೆ ಅವರಿಗೆ ಮ್ಯಾಟ್ರಿಕ್ ಇಲ್ಲ, ಆಮೇಲೆ ಸಿಕ್ಕ ಗುಮಾಸ್ತೆ ಕೆಲಸ ಇಲ್ಲ, ನನಗೆ ಎಂಟೆಕ್ ಇಲ್ಲ. ರಸ್ತೆಯಿಂದ ಕಲಿಯುವುದು ಚಂದ ಎಂದು ಅವರ ಮುಂದೆ ಹೇಳಿದ್ದರೆ ಕೆನ್ನೆಗೆ ಬಿಗಿಯುತ್ತಿದ್ದರು. ಶಾಲೆ ಬೇಡ ಎನ್ನುವ ಸೊಕ್ಕು ನನ್ನ ಕುಟುಂಬಕ್ಕೆ ಹೊಂದುವುದಿಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳಿಗೆ ಉಚಿತ ಶಾಲೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಅದು ಸರಿಯೇ. ಮನೆಶಾಲೆಯ ಹೆಸರಿನಲ್ಲಿ ಯಾರಾದರೂ ಆ ಹೊಣೆಯನ್ನು ಸಡಿಲಿಸಲು ನೋಡಿದರೆ ನಾನು ಎದುರು ನಿಲ್ಲುವವನು.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಹೇಳಿಬಿಡುತ್ತೇನೆ. ದೀಪಾವಳಿ ಕಳೆದ ಮೇಲೆ ಮಗಳು ಕೇಳಿದಳು, "ಅಪ್ಪಾ, ಬರೋ ಜೂನ್‌ನಿಂದ ನಾನು ಶಾಲೆಗೆ ಹೋಗ್ಲಾ?" ಕಟ್ಟಡದ ಗೆಳತಿಯರು ಸಂಜೆ ಆಡುವ ಮಾತಿನಲ್ಲಿ ಅರ್ಧ ಅವಳಿಗೆ ತಿಳಿಯುವುದಿಲ್ಲವಂತೆ. ಯಾವ ಟೀಚರ್ ಏನಂದರು, ಯಾರು ಡಬ್ಬಿಯಲ್ಲಿ ಏನು ತಂದರು.

ಮನೆಶಾಲೆಯ ಗೆಳೆಯರಿಗೆ ಹೇಳಿದೆ. "ಐದು ವರ್ಷ ಮಾಡಿ ಕೊನೆಗೆ ಸೋತಿರಾ?" ಎಂದರು ಒಬ್ಬರು. ನನ್ನ ಹೊಟ್ಟೆಯೊಳಗೂ ಅದೇ ಮಾತು ಇತ್ತು, ಅದಕ್ಕೇ ಅಷ್ಟು ಚುಚ್ಚಿತು. ಒಂದು ಶಾಲೆಯ ಕಚೇರಿಗೆ ಹೋದರೆ, "ಹಿಂದಿನ ಶಾಲೆಯ ಎಲ್‌ಸಿ ತನ್ನಿ" ಎಂದರು. ಹಿಂದಿನ ಶಾಲೆ ನಮ್ಮ ಅಡುಗೆಮನೆ, ಎಲ್‌ಸಿಗೆ ಸಹಿ ಹಾಕುವವರು ಯಾರು? ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್ ಹೇಳುತ್ತದೆ. ಪ್ರಿಂಟ್ ತೆಗೆದುಕೊಂಡು ಮತ್ತೆ ಹೋಗುತ್ತೇನೆ. ಅಲ್ಲಿ ಆಗದಿದ್ದರೆ ಪಾಲಿಕೆ ಶಾಲೆ ಇದೆ. ಅವಳಿಗೆ ಅಲ್ಲಿ ಹಿಡಿಸದಿದ್ದರೆ ಮನೆ ಇದ್ದೇ ಇದೆ, ಹದಿನಾಲ್ಕಾದ ಮೇಲೆ ಎನ್‌ಐಒಎಸ್‌ನ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಕನ್ನಡವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಲೂ ಬಹುದು.

ಕೇಳಿದ್ದು ಮಗು. ಬೇಕಾದ್ದನ್ನು ಬೇಕು ಎನ್ನಲು ಅವಳಿಗೆ ಬಂದಿದೆ. ಐದು ವರ್ಷ ಮನೆಯಲ್ಲಿ ಕೂತು ಅವಳು ಅಷ್ಟನ್ನು ಕಲಿತಿದ್ದರೆ ಅದನ್ನು ಸೋಲು ಎಂದು ಬರೆಯುವ ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲ. ಶಾಲೆಯೊಂದು ಧರ್ಮ, ಮನೆಶಾಲೆಯೊಂದು ಧರ್ಮ, ಆಚೆ ಹೋದವರು ಮತಾಂತರವಾದರು ಎಂಬಂತೆ ಆಡುವವರು ಎರಡೂ ಕಡೆ ಇದ್ದಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಬಾಗಿಲು ಎರಡೂ ಕಡೆಗೆ ತೆರೆಯಬೇಕು.

ಮುಂದಿನ ಭಾನುವಾರ ಕ್ಯೂನಲ್ಲಿ ಸಿಕ್ಕರೆ ಯಾವ ಶಾಲೆ ಎಂದು ಕೇಳಬೇಡಿ. ನೀವು ಬ್ಯಾಂಕಿನವರಾದರೆ ಚೆಕ್ ಹೇಗೆ ಪಾಸಾಗುತ್ತದೆಂದು ಅವಳಿಗೆ ಹೇಳಿ, ರೈಲ್ವೆಯವರಾದರೆ ಸಿಗ್ನಲ್ ಬಗ್ಗೆ ಹೇಳಿ. ನಿಮ್ಮ ಸರದಿ ಬರುವವರೆಗೂ ಪ್ರಶ್ನೆ ಕೇಳುತ್ತಾಳೆ, ಸ್ವಲ್ಪ ತಾಳ್ಮೆ ಇರಲಿ. ಎಂಐಟಿಯ ವಿಷಯ ಮಾತ್ರ ಬೇಡ.