ಬೆಟ್ಟದ ಮರಕ್ಕೂ ಒಂದು ಲೆಕ್ಕವಿರಲಿ

ಅಡಿಕೆ ಎಷ್ಟು ಕ್ವಿಂಟಾಲ್, ಕಾಫಿ ಎಷ್ಟು ಮೂಟೆ ಎಂಬ ಲೆಕ್ಕವನ್ನು ನಾವು ತಪ್ಪದೆ ಇಡುತ್ತೇವೆ. ಆದರೆ ತೋಟಕ್ಕೆ ಸೊಪ್ಪು, ದರಕು ಕೊಡುವ ಬೆಟ್ಟ ಬೆಳೆಯುತ್ತಿದೆಯೋ ಬರಿದಾಗುತ್ತಿದೆಯೋ ಎಂಬುದನ್ನು ಬರೆದಿಡುವವರು ವಿರಳ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ತಲಾ ಒಂದು ಹೆಕ್ಟೇರಿನ ಎಂಟು ತಾಕುಗಳನ್ನು ಗುರುತಿಸಿ, ಅವೇ ಮರಗಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಅಳೆದರು. 1988ರಲ್ಲಿ ಮುದುಮಲೆಯಲ್ಲಿ 50 ಹೆಕ್ಟೇರಿನ ತಾಕು ಆರಂಭವಾಯಿತು. ಸತ್ತ ಮರ, ಹೊಸ ಸಸಿ, ಉಳಿದ ಮರದ ಸುತ್ತಳತೆ, ಈ ಮೂರೂ ಸೇರಿದಾಗಲೇ ಕಾಡಿನ ನಿಜಸ್ಥಿತಿ ತಿಳಿಯುವುದು.

ನಮಗೆ ಟೇಪು, ಬಣ್ಣದ ಡಬ್ಬಿ, ಒಂದು ಪುಸ್ತಕ ಸಾಕು. ನೆಲದಿಂದ ಸುಮಾರು 4.5 ಅಡಿ ಎತ್ತರದಲ್ಲಿ ಗುರುತು ಹಾಕಿ, ಪ್ರತಿ ಸಲ ಅಲ್ಲಿಯೇ ಅಳೆಯಬೇಕು. ಸುತ್ತಳತೆ ಇಮ್ಮಡಿಯಾದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹೆಮ್ಮರವೊಂದು ಹೋದರೆ ಹತ್ತು ಸಸಿ ನೆಟ್ಟರೂ ಆ ನಷ್ಟ ಬೇಗ ತುಂಬದು. ತಂಬ್ರಹಳ್ಳಿಯಂಥ ಕಡಿಮೆ ಮಳೆಯ ಸೀಮೆಯ ಕುರುಚಲು ಕಾಡಿನಲ್ಲಿ ಬೆಳವಣಿಗೆ ಇನ್ನೂ ನಿಧಾನ. ಅಲ್ಲಿ ಕಣ್ಣಂದಾಜನ್ನು ನಂಬುವಂತಿಲ್ಲ.

ಪ್ರತಿಯೊಂದು ಸಹಕಾರ ಸಂಘವೂ ಇಂಥ ಪುಸ್ತಕವನ್ನು ತೆರೆದು, ಐದು ವರ್ಷಕ್ಕೊಮ್ಮೆ ಅಳತೆ ನಡೆಸಬೇಕೆಂಬುದು ನಮ್ಮ ಅಭಿಪ್ರಾಯ. ಎಷ್ಟು ಸೊಪ್ಪು ಕಡಿಯಬಹುದೆಂಬುದನ್ನು ಆ ಲೆಕ್ಕ ನೋಡಿಯೇ ನಿಶ್ಚಯಿಸೋಣ.